ಶರಾವತಿ ಹಿನ್ನೀರಿನ ಆಚೆ ದಡ

ಸಾಗರ ತಾಲ್ಲೂಕಿನ ತುಮರಿ ಕಡೆಯವರಿಗೆ ಗಡಿಯಾರಕ್ಕಿಂತ ಲಾಂಚಿನ ಸಮಯವೇ ಮುಖ್ಯವಾಗಿತ್ತು. ಅಂಬಾರಗೋಡ್ಲುವಿನ ದಡದಲ್ಲಿ ಬಸ್ಸು ಇಳಿಜಾರಿನಲ್ಲಿ ಮೆಲ್ಲಗೆ ಉರುಳಿ ಲಾಂಚ್ ಏರುತ್ತಿತ್ತು. ಅದರ ಪಕ್ಕದ ಸಂದಿಯಲ್ಲಿ ಬೈಕುಗಳು, ಬೈಕುಗಳ ನಡುವೆ ಚೀಲ-ಮೂಟೆಗಳು, ಸಿಗಂದೂರು ಚೌಡೇಶ್ವರಿಗೆ ಹರಕೆ ಹೊತ್ತು ಬಂದವರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆ ದಡ ಕಣ್ಣಿಗೆ ಕಂಡರೂ ಮನೆ ದೂರ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು.

ಈ ನೀರು ಮೊದಲಿನಿಂದ ಇದ್ದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ಗದ್ದೆ, ತೋಟಗಳ ಜೊತೆ ಹಳೆಯ ದಾರಿಗಳೂ ಮುಳುಗಿದವು. ಅದಕ್ಕೂ ಮುಂಚಿನ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಉಳಿಯಲಿಲ್ಲ. ಒಂದು ಅಣೆಕಟ್ಟು ಇನ್ನೊಂದನ್ನು ನುಂಗಿದ ಊರು ಇದು! ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಹಳೆಯ ಗೋಡೆ ನೀರಿನಿಂದ ಮೇಲೆದ್ದು ಕಾಣುತ್ತದೆ.

ವಿದ್ಯುತ್ತಿನ ಲೆಕ್ಕದಲ್ಲಿ ಮಾತ್ರ ಶರಾವತಿಯಷ್ಟು ದುಡಿಸಿಕೊಂಡ ಹೊಳೆ ಕರ್ನಾಟಕದಲ್ಲಿ ಅಪರೂಪ. ಜೋಗದ ಬುಡದಲ್ಲಿ 1948ರಲ್ಲಿ ಶುರುವಾದ ಕೇಂದ್ರ ಇಂದು ಮಹಾತ್ಮ ಗಾಂಧಿ ಹೆಸರಿನಲ್ಲಿದೆ. ಲಿಂಗನಮಕ್ಕಿಯ ನೀರಿನ ದಾರಿ ಬೇರೆ. ಅಣೆಕಟ್ಟಿನ ಬಳಿಯ 55 ಮೆಗಾವಾಟ್ ಕೇಂದ್ರದಲ್ಲಿ ಒಮ್ಮೆ ಚಕ್ರ ತಿರುಗಿಸಿ, ಕಾಲುವೆ ಹಿಡಿದು ತಲಕಳಲೆ ಕೆರೆ ಸೇರುತ್ತದೆ. ಅಲ್ಲಿಂದ ದಪ್ಪ ಕೊಳವೆಗಳಲ್ಲಿ ಕಣಿವೆಗೆ ಧುಮುಕಿ ಹತ್ತು ಯಂತ್ರಗಳ, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ಕೇಂದ್ರವನ್ನು ನಡೆಸುತ್ತದೆ. ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ 240 ಮೆಗಾವಾಟ್. ಕಡಲು ಸೇರುವ ಮೊದಲು ಅದೇ ನೀರಿಗೆ ಮೂರು ಪಾಳಿ.

ಘಟ್ಟ, ಕಾಡು ದಾಟಿ ತಂತಿ ಬೆಂಗಳೂರಿನ ಕಡೆ ಓಡಿತು. ರೈಲು ಮಾತ್ರ ಇಂದಿಗೂ ತಾಳಗುಪ್ಪದಲ್ಲೇ ನಿಲ್ಲುತ್ತದೆ. ಹೊನ್ನಾವರಕ್ಕೆ ಹಳಿ ಹಾಕುವ ಮಾತು ಹಳೆಯದು, ಮಾತಾಗಿಯೇ ಇದೆ. ಯೋಜನೆಗಾಗಿ ಮನೆಮಠ ಬಿಟ್ಟವರಲ್ಲಿ ಹಲವರು ಜಮೀನಿನ ಹಕ್ಕುಪತ್ರಕ್ಕಾಗಿ ಈಗಲೂ ಕಚೇರಿ ಅಲೆಯುತ್ತಿದ್ದಾರೆ. ಆ ಸಂಕಟವನ್ನು ಹತ್ತಿರದಿಂದ ಕಂಡವರು ಸಾಗರದ ಕಾದಂಬರಿಕಾರ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ‘ಮುಳುಗಡೆ’ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು.

ಸೇತುವೆ ಬಂದದ್ದು 2025ರ ಜುಲೈ 14ರಂದು, ಅಣೆಕಟ್ಟು ಮುಗಿದ ಆರು ದಶಕಗಳ ಮೇಲೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಈ ಕೇಬಲ್ ಸೇತುವೆಯ ಉದ್ದ ಸುಮಾರು 2.44 ಕಿ.ಮೀ. ರಾತ್ರಿ ಹೆರಿಗೆ ನೋವು ಬಂದರೆ ಏನು ಗತಿ ಎಂಬ ಭಯ ಇದರಿಂದ ತಪ್ಪಿತು. ಯಾತ್ರಿಕರ ಕಾರುಗಳ ಸಾಲು ಬೆಳೆದದ್ದು ಅದರ ಇನ್ನೊಂದು ಮುಖ.

ಕಣಿವೆಯ ಹೊಸ ಜಗಳ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯದು. ಬೇಡಿಕೆ ಕಡಿಮೆ ಇದ್ದಾಗ ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಹೆಚ್ಚಿದಾಗ ಮತ್ತೆ ಕೆಳಗೆ ಬಿಡುವುದು ಅದರ ಲೆಕ್ಕಾಚಾರ. ಎತ್ತಲು ತಗಲುವ ಕರೆಂಟು, ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚೇ. ಆದರೂ ಸೋಲಾರ್, ಗಾಳಿ ವಿದ್ಯುತ್ತನ್ನು ಬೇಕಾದ ಹೊತ್ತಿಗೆ ಕೂಡಿಡಲು ಇದು ಬೇಕು ಎನ್ನುವುದು ಸರ್ಕಾರದ ವಾದ. ಪರಿಸರವಾದಿಗಳ ತಕರಾರು ಸುರಂಗಕ್ಕೂ ರಸ್ತೆಗೂ ಬೀಳುವ ಕಾಡಿನ ಬಗ್ಗೆ. ಅದು ಸಿಂಗಳೀಕಗಳ ಅಭಯಾರಣ್ಯ. ಕೊಂಬೆಯಿಂದ ಕೊಂಬೆಗೆ ಹಾರಿಯೇ ಬದುಕುವ ಅವುಗಳಿಗೆ ಮರಗಳ ನಡುವೆ ಸೀಳಿದ ಒಂದು ಅಗಲ ರಸ್ತೆಯೂ ದಾಟಲಾಗದ ಹೊಳೆಯೇ.