ವಾಯಿದೆಗಳ ನಡುವೆ ನೆಮ್ಮದಿ

ಕೆಲಸದ ದಿನ ಬೆಳಿಗ್ಗೆ ಯಾವುದಾದರೂ ತಾಲ್ಲೂಕು ಕೋರ್ಟಿನ ಆವರಣಕ್ಕೆ ಹೋಗಿ ನೋಡಿ. ಹತ್ತು ಗಂಟೆಗೆಲ್ಲ ಹಳ್ಳಿ ಬಸ್ಸುಗಳಿಂದ ಇಳಿದ ಜನ ಮರದ ನೆರಳಿನಲ್ಲಿ ಬಂದು ಕೂತಿರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರೊಳಗೆ ಪಹಣಿ, ಮ್ಯುಟೇಶನ್ ನಕಲು, ಮಡಿಕೆಯಲ್ಲೇ ಹರಿದುಹೋದ ಹಳೆಯ ಪಾಲುಪಟ್ಟಿ. ಹೆಸರು ಕೂಗಿದ ಕೂಡಲೇ ದಡಬಡಿಸಿ ಎದ್ದು, ಹೆಗಲ ಮೇಲಿನ ಟವೆಲ್ ತೆಗೆದು ಒಳಗೆ ಹೋಗುತ್ತಾರೆ. ಎರಡೇ ನಿಮಿಷದಲ್ಲಿ ಹೊರಗೆ ಬರುತ್ತಾರೆ. ಏನಾಯಿತೆಂದು ಜೊತೆಗೆ ಬಂದವರು ಕೇಳಿದರೆ ‘ವಾಯಿದೆ ಹಾಕಿದ್ರು’ ಎನ್ನುತ್ತಾರೆ.

ಅವತ್ತಿನ ಕೂಲಿ ಹೋಯಿತು, ಬಸ್ ಚಾರ್ಜು ಹೋಯಿತು. ಅದು ಲೆಕ್ಕಕ್ಕೆ ಸಿಗುವ ನಷ್ಟ. ಲೆಕ್ಕಕ್ಕೆ ಸಿಗದ್ದು ಇನ್ನೂ ದೊಡ್ಡದು. ತಕರಾರಿನಲ್ಲಿರುವ ಜಮೀನಿನ ಮೇಲೆ ಸಾಲ ಹುಟ್ಟುವುದಿಲ್ಲ, ಬೋರ್‌ವೆಲ್ ಕೊರೆಸಲು ಧೈರ್ಯ ಬರುವುದಿಲ್ಲ. ‘ಕೇಸು ಮುಗೀಲಿ’ ಎಂದು ಮಗಳ ಮದುವೆ ಮಾತು ಮುಂದಕ್ಕೆ ಹೋಗುತ್ತದೆ. ಒಂದೇ ಗೋಡೆಯ ಆಚೆ ಈಚೆ ಇರುವ ಅಣ್ಣತಮ್ಮಂದಿರ ಮಕ್ಕಳು ಹಬ್ಬದಲ್ಲೂ ಪರಸ್ಪರ ಮುಖ ನೋಡದೆ ದೊಡ್ಡವರಾಗುತ್ತಾರೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆ ಹುಟ್ಟಿರುವುದೇ ಇಂಥ ಅನುಭವದಿಂದ.

ಜನರ ಸಂತೋಷವನ್ನು ದೇಶವಾರು ಅಳೆಯುವ ವಿಶ್ವ ಸಂತೋಷ ವರದಿಯಲ್ಲಿ 2018ರಿಂದ ಫಿನ್ಲೆಂಡ್ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ. ಆ ವರದಿ ತಲಾ ಆದಾಯವನ್ನೂ ಆರೋಗ್ಯವನ್ನೂ ನೋಡುತ್ತದೆ. ಜೊತೆಗೆ ಭ್ರಷ್ಟಾಚಾರದ ಬಗ್ಗೆ ಜನರ ಅನಿಸಿಕೆಯನ್ನು, ಕಷ್ಟಕಾಲಕ್ಕೆ ನೆಚ್ಚಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂಬುದನ್ನೂ ಪರಿಗಣಿಸುತ್ತದೆ. ಅನ್ಯಾಯವಾದರೆ ಕೇಳುವವರಿದ್ದಾರೆ ಎಂಬ ಭರವಸೆ ಇರುವ ಕಡೆ ಮನುಷ್ಯ ಹಗುರವಾಗಿ ಬದುಕುತ್ತಾನೆ. ಕೋರ್ಟಿನ ಮೆಟ್ಟಿಲನ್ನೇ ಹತ್ತದವರಿಗೂ ಈ ಭರವಸೆ ಬೇಕು. ಸಂಬಳ ಕೊಡದ ಮಾಲೀಕ, ಒತ್ತುವರಿ ಮಾಡುವ ಬಲಾಢ್ಯ ನೆರೆಯವ, ಹೊಡೆಯುವ ಗಂಡ ಇವರೆಲ್ಲ ಒಂದಿಷ್ಟಾದರೂ ಹಿಂಜರಿಯುವುದು ಅದರಿಂದಲೇ.

ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ಷಿಕಾಗೊ ನಗರದ ಜನರನ್ನು ಮಾತನಾಡಿಸಿ 1990ರಲ್ಲಿ ಒಂದು ಪುಸ್ತಕ ಬರೆದರು. ಜನ ಕಾನೂನನ್ನು ಯಾಕೆ ಪಾಲಿಸುತ್ತಾರೆ ಎಂಬುದು ಅವರ ಪ್ರಶ್ನೆ. ಪೊಲೀಸರು, ನ್ಯಾಯಾಲಯಗಳು ತಮ್ಮನ್ನು ನಡೆಸಿಕೊಂಡ ರೀತಿ ನ್ಯಾಯವಾಗಿತ್ತೇ ಎಂಬುದು ಫಲಿತಾಂಶಕ್ಕಿಂತ ಹೆಚ್ಚು ಮುಖ್ಯವೆಂದು ಅವರಿಗೆ ಕಂಡಿತು. ಮಾತನ್ನು ಪೂರ್ತಿ ಕೇಳಿ, ಮರ್ಯಾದೆಯಿಂದ ನಡೆಸಿಕೊಂಡು, ಕಾರಣ ಹೇಳಿ ತೀರ್ಪು ಕೊಟ್ಟರೆ ಸೋತವರೂ ಅದನ್ನು ಒಪ್ಪುತ್ತಾರೆ. ನನಗಂತೂ ಈ ಮಾತಿನಲ್ಲಿ ದೊಡ್ಡ ಆಸೆ ಕಾಣುತ್ತದೆ. ಎಲ್ಲರನ್ನೂ ಗೆಲ್ಲಿಸುವುದು ಯಾವ ನ್ಯಾಯಾಧೀಶರಿಗೂ ಸಾಧ್ಯವಿಲ್ಲ, ಆದರೆ ಎಲ್ಲರ ಮಾತನ್ನೂ ಕೇಳುವುದು ಸಾಧ್ಯ.

ಕೇಳಿಸಿಕೊಳ್ಳಬೇಕಾದರೆ ಮೊದಲು ಕೋರ್ಟು ಕೈಗೆಟಕುವಷ್ಟು ಹತ್ತಿರವಿರಬೇಕು. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ಒಂದು ಮೇಲ್ಮನವಿಗಾಗಿ ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರು ಹೈಕೋರ್ಟಿನಲ್ಲಿ ವಾಯಿದೆ ಪಡೆದು ಅದೇ ದಾರಿ ಹಿಡಿದು ಹಿಂದಿರುಗಬೇಕಿತ್ತು. ಉತ್ತರ ಕರ್ನಾಟಕದ ವಕೀಲರು, ಜನರು ಹತ್ತಾರು ವರ್ಷ ಬೀದಿಗಿಳಿದು ಹೋರಾಡಿದ ಮೇಲೆ 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದವು. 2013ರಲ್ಲಿ ಅವು ಕಾಯಂ ಆದವು. ಆ ಭಾಗದ ರೈತನಿಗೆ ಇದು ಹೊಸ ಹಕ್ಕೇನೂ ಅಲ್ಲ. ಮೊದಲೇ ಇದ್ದ ಹಕ್ಕು ಕೈಗೆ ಸಿಗುವಷ್ಟು ಹತ್ತಿರ ಬಂತು, ಅಷ್ಟೇ. ಆದರೆ ಅದೇನು ಸಣ್ಣ ಸಂಗತಿಯೇ?

ದೂರಕ್ಕಿಂತ ಕ್ರೂರವಾದದ್ದು ಬಡತನ. ಮೋತಿರಾಂ ಎಂಬ ಗಾರೆ ಕೆಲಸದವರ ಪ್ರಕರಣ 1978ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಜಾಮೀನು ಮಂಜೂರಾಗಿತ್ತು. ಆದರೆ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದರು. ಸಹೋದರನೇ ಜಾಮೀನುದಾರನಾಗಿ ನಿಂತರೂ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಒಂದು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿ ಎಂದರು. ಮರುವರ್ಷ ಬಿಹಾರದ ಹುಸೇನಾರಾ ಖಾತೂನ್ ಪ್ರಕರಣದಲ್ಲಿ, ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆರೋಪಕ್ಕೆ ಸಿಗಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಜೈಲಿನಲ್ಲಿದ್ದವರು ಅಲ್ಲಿದ್ದರು. ಇಷ್ಟೆಲ್ಲ ಆಗಿಯೂ, 2022ರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ತಪ್ಪು ಸಾಬೀತಾಗುವ ಮೊದಲೇ ಅವರ ಹೆಂಡತಿ ಮಕ್ಕಳು ಊರಿನಲ್ಲಿ ಶಿಕ್ಷೆ ಅನುಭವಿಸುತ್ತಿರುತ್ತಾರೆ.

ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಆರೋಪಗಳನ್ನು ಬಿಟ್ಟು ಉಳಿದ ಪ್ರಕರಣಗಳಲ್ಲಿ, ಹಿಂದೆಂದೂ ಶಿಕ್ಷೆಗೊಳಗಾಗದ ವಿಚಾರಣಾಧೀನ ಕೈದಿಯನ್ನು, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಾಗ ಸಾಮಾನ್ಯವಾಗಿ ಮುಚ್ಚಳಿಕೆಯ ಮೇಲೆ ಬಿಡಬೇಕು. ಕಾನೂನು ಸೇವೆಗಳ ಪ್ರಾಧಿಕಾರ ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. 15100ಕ್ಕೆ ಫೋನ್ ಮಾಡಿದರೆ ನೆರವು ಸಿಗುತ್ತದೆ. ಈ ನಂಬರು ಎಷ್ಟು ಹಳ್ಳಿಗಳ ಪಂಚಾಯಿತಿ ಗೋಡೆ ಮೇಲಿದೆ? ಇನ್ನು ನ್ಯಾಯಾಧೀಶರ ಸಂಖ್ಯೆ. ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರಿರಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಅದರ ಅರ್ಧವನ್ನೂ ನಾವು ಮುಟ್ಟಿಲ್ಲ. ವಾಯಿದೆ ಹಾಕುವ ನ್ಯಾಯಾಧೀಶರ ಮೇಜಿನ ಮೇಲೆ ಎಷ್ಟು ಕಡತಗಳಿವೆ ಎಂಬುದನ್ನೂ ಆ ಮರದ ಕೆಳಗೆ ಕೂತವರಿಗೆ ಯಾರಾದರೂ ಹೇಳಬೇಕು.

ಕೊನೆಗೊಂದು ದಿನ ತೀರ್ಪು ಬರುತ್ತದೆ. ಹಲವು ಸಲ ಅದು ಇಂಗ್ಲಿಷಿನಲ್ಲಿರುತ್ತದೆ. ‘ಏನಂತ ಬರೆದವ್ರೆ ಸಾರ್?’ ಎಂದು ಕಕ್ಷಿದಾರ ವಕೀಲರ ಮುಖ ನೋಡುತ್ತಾನೆ. ತಾನು ಯಾಕೆ ಸೋತೆನೆಂದು ಓದಿ ತಿಳಿಯಲಾಗದವನಿಗೆ ಒಳಗೇನೋ ನಡೆದಿರಬೇಕು ಎಂಬ ಗುಮಾನಿ ಸಾಯುವತನಕ ಹೋಗುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟಾಗ ಅದು ಸುದ್ದಿಯಾಯಿತು. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ಕಾನೂನಿನ ಅಡ್ಡಿಯೇ ಇಲ್ಲ. ಅಲ್ಲಿ ಪ್ರತಿಯೊಂದು ತೀರ್ಪಿನ ಜೊತೆಗೆ, ಯಾರು ಏನು ಹೇಳಿದರು, ಯಾವುದನ್ನು ಯಾಕೆ ನಂಬಲಾಯಿತು ಎಂಬ ಎರಡು ಪುಟದ ಕನ್ನಡ ಸಾರಾಂಶವನ್ನಾದರೂ ಈ ವರ್ಷದಿಂದಲೇ ಕೊಡಲು ಶುರುಮಾಡಬಹುದು.