ಹೊಗೆಯಲ್ಲಿ ಅರಳಿದ ನಗೆ: ಚೀಚ್ ಮತ್ತು ಚಾಂಗ್ ಜೋಡಿಯ ಕಥೆ

ಹಾಸ್ಯನಟನೊಬ್ಬನ ಚಿತ್ರಗಳೇ ಅವನಿಗೆ ಶಿಕ್ಷೆ ಕೊಡಿಸುವ ವಾದದಲ್ಲಿ ಉಲ್ಲೇಖಗೊಳ್ಳುವುದುಂಟೆ? ಅಮೆರಿಕದಲ್ಲಿ ಹಾಗಾದದ್ದುಂಟು. 2003ರಲ್ಲಿ ಪಿಟ್ಸ್‌ಬರ್ಗ್ ನಗರದ ಫೆಡರಲ್ ನ್ಯಾಯಾಲಯದ ಮುಂದೆ 65 ವರ್ಷದ ಟಾಮಿ ಚಾಂಗ್ ನಿಂತಿದ್ದರು. ಗಾಂಜಾ ಸೇದುವ ಗಾಜಿನ ಚಿಲುಮೆಗಳನ್ನು ಅಂಚೆಯ ಮೂಲಕ ಮಾರಿದ್ದು ಅವರ ಮೇಲಿನ ಆರೋಪ. ಆದರೆ ಸರ್ಕಾರಿ ವಕೀಲರ ದೃಷ್ಟಿ ಚಿಲುಮೆಯಲ್ಲಷ್ಟೇ ನಿಲ್ಲಲಿಲ್ಲ. ಮಾದಕವಸ್ತುವನ್ನು ತೆರೆಯ ಮೇಲೆ ವೈಭವೀಕರಿಸಿ, ಅದನ್ನು ತಡೆಯುವ ಪೊಲೀಸರನ್ನು ಹಗುರ ಮಾಡಿ ಹಣ ಗಳಿಸಿದವರು ಎಂದೂ ಅವರು ಬರೆದುಕೊಟ್ಟರು. ಪತ್ನಿ ಮತ್ತು ಮಗನ ಮೇಲೆ ಮೊಕದ್ದಮೆ ಬೀಳದಿರಲೆಂದು ಚಾಂಗ್ ತಪ್ಪೊಪ್ಪಿಕೊಂಡಿದ್ದರು. ಒಂಬತ್ತು ತಿಂಗಳ ಸೆರೆವಾಸ ವಿಧಿಸಲಾಯಿತು.

ಈ ಕಥೆ ಆರಂಭವಾದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ಚಾಂಗ್ 1938ರಲ್ಲಿ ಎಡ್ಮಂಟನ್‌ನಲ್ಲಿ ಹುಟ್ಟಿದವರು. ತಂದೆ ಚೀನೀಯರು, ತಾಯಿ ಸ್ಕಾಟಿಷ್-ಐರಿಷ್ ಮೂಲದವರು. ಗಿಟಾರ್ ವಾದಕರಾಗಿ ಮೋಟೌನ್ ಸಂಸ್ಥೆಯವರೆಗೂ ಹೋಗಿ ಬಂದಿದ್ದ ಅವರು, ತಮ್ಮ ಕುಟುಂಬದ ನೈಟ್ ಕ್ಲಬ್ಬಿನಲ್ಲಿ ಕುಣಿಯುವ ಹೆಂಗಸರನ್ನೂ ಸೇರಿಸಿಕೊಂಡು ಆಶುಪ್ರಹಸನಗಳನ್ನು ಆಡಿಸತೊಡಗಿದ್ದರು. ಅಲ್ಲಿಗೆ ಬಂದವರು ರಿಚರ್ಡ್ ಮಾರಿನ್, ಅಡ್ಡಹೆಸರು ಚೀಚ್. ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಪೊಲೀಸ್ ಅಧಿಕಾರಿಯ ಮಗ. ವಿಯೆಟ್ನಾಂ ಯುದ್ಧದ ಕಡ್ಡಾಯ ಸೇನಾಭರ್ತಿಯನ್ನು ತಪ್ಪಿಸಿಕೊಂಡು ಕೆನಡಾ ಸೇರಿದ್ದ ಈ ಯುವಕನಿಗೆ ಕುಂಬಾರಿಕೆಯ ಹುಚ್ಚು. ಮುಂದೆ ಪೊಲೀಸರನ್ನು ಗೇಲಿ ಮಾಡಿ ಹೆಸರಾದವನು ಪೊಲೀಸರ ಮನೆಯಲ್ಲೇ ಬೆಳೆದದ್ದು ವಿಧಿಯ ವಿನೋದವೇ ಸರಿ.

ಇಬ್ಬರೂ ಲಾಸ್ ಏಂಜಲೀಸ್‌ಗೆ ಬಂದರು. ಅಲ್ಲಿನ ಟ್ರೂಬಡೂರ್ ಕ್ಲಬ್ಬಿನಲ್ಲಿ ಧ್ವನಿಮುದ್ರಣ ನಿರ್ಮಾಪಕ ಲೂ ಆಡ್ಲರ್ ಅವರ ಕಣ್ಣಿಗೆ ಬಿದ್ದರು. 1971ರಲ್ಲಿ ಮೊದಲ ಆಲ್ಬಂ ಹೊರಬಂತು. ಅದರ ಪ್ರಸಿದ್ಧ ಪ್ರಹಸನದ ವಸ್ತು ಇಷ್ಟೇ: ಮಾಲು ಹಿಡಿದುಕೊಂಡು ಬಾಗಿಲು ಬಡಿಯುತ್ತಿರುವವನು ಡೇವ್, ಪೊಲೀಸರು ಕಂಡಾರೆಂಬ ಆತಂಕ ಅವನಿಗೆ. ಒಳಗಿರುವವನು ನಶೆಯಲ್ಲಿ, ಡೇವ್ ಮನೆಯಲ್ಲಿಲ್ಲ ಎಂದು ಡೇವ್‌ನಿಗೇ ಹೇಳುತ್ತಾ ಹೋಗುತ್ತಾನೆ. ದೃಶ್ಯವಿಲ್ಲ, ಬಾಗಿಲ ಸದ್ದು ಮತ್ತು ಎರಡು ದನಿಗಳು ಮಾತ್ರ. ಆಕಾಶವಾಣಿಯ ನಾಟಕ ಕೇಳಿ ಬೆಳೆದವರಿಗೆ ಇದರ ಗುಟ್ಟನ್ನು ವಿವರಿಸಬೇಕಿಲ್ಲ. 1973ರ 'ಲಾಸ್ ಕೊಚೀನೋಸ್' ಆಲ್ಬಂಗೆ ಗ್ರ್ಯಾಮಿ ಪ್ರಶಸ್ತಿಯೇ ಬಂತು.

ಹಿಪ್ಪಿಗಳ ಪ್ರತಿಸಂಸ್ಕೃತಿಯನ್ನು ಹಾಡಿದವರು ಅನೇಕರಿದ್ದರು. ಅದನ್ನು ನೋಡಿ ನಕ್ಕವರು ಕಡಿಮೆ. ಚೀಚ್ ಮತ್ತು ಚಾಂಗ್ ಕ್ರಾಂತಿಯ ಭಾಷಣ ಮಾಡಲಿಲ್ಲ. ಎಲ್ಲಿಗೆ ಹೊರಟೆವೆಂಬುದನ್ನೇ ಮರೆತ ಇಬ್ಬರು ದಡ್ಡರನ್ನು ಮುಂದಿಟ್ಟರು. ಜೊತೆಗೆ, ಆ ದಡ್ಡರಲ್ಲೊಬ್ಬನು ಪೂರ್ವ ಲಾಸ್ ಏಂಜಲೀಸ್‌ನ ಚಿಕಾನೊ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ ಎಂಬುದನ್ನು ಮರೆಯಬಾರದು. ಆ ಉಚ್ಚಾರಣೆ, ಆ ಬೀದಿ, ಆ ಕಾರು ಅಮೆರಿಕದ ಮುಖ್ಯವಾಹಿನಿಯ ಹಾಸ್ಯದಲ್ಲಿ ಅದುವರೆಗೆ ಕಾಣಿಸಿಕೊಂಡದ್ದು ಅಪರೂಪ.

1978ರ 'ಅಪ್ ಇನ್ ಸ್ಮೋಕ್' ಚಿತ್ರದಲ್ಲಿ ಇವರು ಮೆಕ್ಸಿಕೊದಿಂದ ಗಡಿ ದಾಟಿಸಿ ತರುವ ವ್ಯಾನ್ ಇಡಿಯಾಗಿ ಗಾಂಜಾದಿಂದಲೇ ಮಾಡಿದ್ದು. ಓಡಿಸುವವರಿಗೇ ಅದು ಗೊತ್ತಿಲ್ಲ. ಅಲ್ಪ ವೆಚ್ಚದ ಈ ಚಿತ್ರ 4 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ನಂತರದ ಚಿತ್ರಗಳಲ್ಲಿ ಹೆಚ್ಚಿನವನ್ನು ಚಾಂಗ್ ನಿರ್ದೇಶಿಸಿದರು. ಅವುಗಳಲ್ಲಿ ಹಳೆಯ ಸರಕೇ ಅಧಿಕ ಎಂದರೆ ತಪ್ಪಾಗಲಾರದು. ಗಾಂಜಾ ಹಾಸ್ಯದಾಚೆಗೆ ಹೋಗಬೇಕೆಂಬ ಚೀಚ್ ಅವರ ಹಂಬಲ, ಹಿಡಿತ ಬಿಡಲೊಲ್ಲದ ಚಾಂಗ್ ಅವರ ಸ್ವಭಾವ ಸೇರಿ 1980ರ ದಶಕದ ನಡುವಿನಲ್ಲಿ ಜೋಡಿ ಒಡೆಯಿತು. 1987ರಲ್ಲಿ ಚೀಚ್ ತಾವೇ ಬರೆದು ನಿರ್ದೇಶಿಸಿದ 'ಬಾರ್ನ್ ಇನ್ ಈಸ್ಟ್ ಎಲ್.ಎ.' ಚಿತ್ರದಲ್ಲಿ, ಅಮೆರಿಕದಲ್ಲೇ ಹುಟ್ಟಿದವನು ಗುರುತಿನ ಚೀಟಿಯಿಲ್ಲದ ಕಾರಣಕ್ಕೆ ಮೆಕ್ಸಿಕೊಗೆ ಗಡೀಪಾರಾಗುತ್ತಾನೆ. ಜೋಡಿಯ ಯಾವ ಚಿತ್ರಕ್ಕಿಂತಲೂ ಇದರ ನಗೆ ಹರಿತವಾದುದು.

ಬಳಿಕ ಚೀಚ್ 'ನ್ಯಾಶ್ ಬ್ರಿಡ್ಜಸ್' ಧಾರಾವಾಹಿಯಲ್ಲಿ ಪೊಲೀಸ್ ಪಾತ್ರವನ್ನೇ ಧರಿಸಿದರು. ಚಿಕಾನೊ ಚಿತ್ರಕಲೆಯ ದೊಡ್ಡ ಸಂಗ್ರಾಹಕರಾದರು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಅವರ ಹೆಸರಿನ ಕಲಾಕೇಂದ್ರ 2022ರಲ್ಲಿ ತೆರೆಯಿತು. ಚಾಂಗ್ 2004ರ ಜುಲೈನಲ್ಲಿ ಸೆರೆಯಿಂದ ಹೊರಬಂದರು. ಮುನಿಸು ಮರೆತ ಇಬ್ಬರೂ 2008ರಲ್ಲಿ ಮತ್ತೆ ರಂಗವೇರಿದರು.

2016ರ ಜನಮತದಲ್ಲಿ ಕ್ಯಾಲಿಫೋರ್ನಿಯಾ ಮತದಾರರು ವಯಸ್ಕರ ಗಾಂಜಾ ಬಳಕೆಗೆ ಒಪ್ಪಿಗೆ ಕೊಟ್ಟರು. 2018ರಲ್ಲಿ ಕೆನಡಾ ಕೂಡ ಅದೇ ದಾರಿ ಹಿಡಿಯಿತು. ಇಬ್ಬರ ಹೆಸರಿನಲ್ಲಿ ಗಾಂಜಾ ಉತ್ಪನ್ನಗಳೇ ಮಾರುಕಟ್ಟೆಗೆ ಬಂದವು. 2024ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ 'ಅಪ್ ಇನ್ ಸ್ಮೋಕ್' ಚಿತ್ರವನ್ನು ಸೇರಿಸಿತು. ಚಿಲುಮೆ ಮಾರಿದ್ದಕ್ಕೆ ಕಳೆದುಹೋದ ಆ ಒಂಬತ್ತು ತಿಂಗಳಿಗೆ ಮಾತ್ರ ಲೆಕ್ಕ ಕೊಟ್ಟವರಿಲ್ಲ.