ಸ್ಥಳ, ವಲಸೆ ಮತ್ತು ವೇತನ: ಕೋಲಾರ ಚಿನ್ನದ ಗಣಿಗಳ ನಿದರ್ಶನ

ಸಮಾನ ಶ್ರಮಕ್ಕೆ ಎಲ್ಲೆಡೆಯೂ ಸಮಾನ ಪ್ರತಿಫಲ ದೊರೆಯುವುದೆಂದು ನಾವು ಎಣಿಸುವುದುಂಟು. ಆದರೆ ವೇತನವು ಶ್ರಮಿಕನ ಸಾಮರ್ಥ್ಯವನ್ನು ಮಾತ್ರವಲ್ಲದೆ ಅವನು ನಿಂತ ನೆಲವನ್ನೂ ಅವಲಂಬಿಸಿರುವುದೆಂಬುದನ್ನು ಕೋಲಾರ ಚಿನ್ನದ ಗಣಿಗಳ ಚರಿತ್ರೆಯು ಸ್ಪಷ್ಟಪಡಿಸುತ್ತದೆ.

೧೮೮೦ರ ದಶಕದಲ್ಲಿ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಈ ಗಣಿಗಳು ಬೆಳೆದುವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಇಲ್ಲಿಗೆ ಬಂದಿತು. ಇಲ್ಲಿ ದುಡಿದವರಲ್ಲಿ ಬಹುಭಾಗ ಆಗಿನ ಮದರಾಸು ಪ್ರಾಂತ್ಯದ ಉತ್ತರ ಆರ್ಕಾಟಿನಿಂದ ಬಂದ ತಮಿಳರು. ಅವರಲ್ಲಿ ದಲಿತರೇ ಹೆಚ್ಚು. ಹುಟ್ಟಿದೂರಿನಲ್ಲಿ ಅವರಿಗೆ ಸ್ವಂತ ಭೂಮಿಯಿರಲಿಲ್ಲ, ಜಾತಿಯ ಬಂಧನವಿದ್ದಿತು. ಗಣಿಯಲ್ಲಿ ದೊರೆತದ್ದು ನಗದು ಸಂಬಳ. ಆ ಸಂಬಳದಲ್ಲಿ ಬಂಡೆ ಸಿಡಿತದ ಭಯಕ್ಕೂ ಶ್ವಾಸಕೋಶವನ್ನು ಕೆಡಿಸುವ ಧೂಳಿಗೂ ತೆತ್ತ ಬೆಲೆ ಅಡಗಿದ್ದಿತೆಂಬುದನ್ನು ನಾವು ಮರೆಯಲಾಗದು.

ವಲಸೆಯ ಈ ಪ್ರವೃತ್ತಿಯನ್ನು ೧೯೭೦ರಲ್ಲಿ ಹ್ಯಾರಿಸ್ ಮತ್ತು ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು ಹೀಗೆ ವಿವರಿಸಿದರು: ವಲಸೆಗಾರನು ನಗರದ ವೇತನವನ್ನು ಮಾತ್ರ ನೋಡುವುದಿಲ್ಲ; ಅದು ದೊರೆಯುವ ಸಂಭವವನ್ನೂ ತೂಗುತ್ತಾನೆ. ಹಳ್ಳಿಯ ಕೂಲಿ ೬೦ ರೂಪಾಯಿ, ನಗರದ ಕೂಲಿ ೧೦೦ ರೂಪಾಯಿ ಎಂದು ಭಾವಿಸೋಣ. ನಗರದಲ್ಲಿ ನೂರಕ್ಕೆ ೬೦ ಮಂದಿಗೆ ಕೆಲಸ ದೊರೆಯುವಂತಿದ್ದರೆ ಎರಡೂ ಸಮವಾಗುತ್ತವೆ. ಸಂಭವವು ಅದಕ್ಕಿಂತ ಹೆಚ್ಚಿದ್ದರೆ ಜನ ಹೊರಡುತ್ತಾರೆ. ಆದುದರಿಂದಲೇ ನಗರದಲ್ಲಿ ಹೊಸ ಉದ್ಯೋಗಗಳು ಸೃಷ್ಟಿಯಾದಾಗ ನಿರುದ್ಯೋಗವು ಇಳಿಯುವ ಬದಲು ಏರುವುದೂ ಸಾಧ್ಯ.

ಈ ವಿವರಣೆಯು ಬರುವವರನ್ನು ಕುರಿತದ್ದು. ನೆಲೆಸಿದವರ ಗತಿಯೇನು? ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮಿಕ್ಕು ಆಳಕ್ಕಿಳಿದಂತೆ ವೆಚ್ಚ ಏರಿತು, ಅದುರಿನ ಸತ್ತ್ವ ಕುಗ್ಗಿತು. ೧೯೫೬ರಲ್ಲಿ ಮೈಸೂರು ಸರ್ಕಾರವು ವಹಿಸಿಕೊಂಡಿದ್ದ ಗಣಿಗಳು ಮುಂದೆ ಕೇಂದ್ರ ಸರ್ಕಾರಕ್ಕೆ ಸೇರಿ, ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿದುವು. ಭೂಗರ್ಭದಲ್ಲಿ ಬಂಡೆಯ ಸದ್ದನ್ನು ಗುರುತಿಸಬಲ್ಲವನ ಅನುಭವಕ್ಕೆ ಮೇಲಿನ ಪೇಟೆಯಲ್ಲಿ ಬೆಲೆಯಿರಲಿಲ್ಲ. ಮೊದಲು ಅಧಿಕ ವೇತನವನ್ನು ಕೊಟ್ಟ ಸ್ಥಳವೇ ಈಗ ನಿರುದ್ಯೋಗಕ್ಕೆ ಕಾರಣವಾಯಿತು.

ಆದರೂ ಅನೇಕರು ಊರನ್ನು ಬಿಡಲಿಲ್ಲ. ಹಲವು ತಲೆಮಾರು ಕಳೆದಮೇಲೆ ಪೂರ್ವಿಕರ ಹಳ್ಳಿ ಪರಸ್ಥಳವಾಗಿದ್ದಿತು. ಬೆಂಗಳೂರಿನ ಬಾಡಿಗೆಯೋ ಕೂಲಿಯ ಬಹುಪಾಲನ್ನು ನುಂಗುವಂತಿದ್ದಿತು. ಆದಕಾರಣ ಗಣಿ ಕಾಲನಿಯ ಮನೆಯನ್ನುಳಿಸಿಕೊಂಡು, ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ರೈಲನ್ನು ಹಿಡಿದು, ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಕ್ರಮ ರೂಢಿಯಾಯಿತು. ಇದು ದಿನನಿತ್ಯದ ವಲಸೆ. ರೈಲಿನಲ್ಲಿ ಕಳೆಯುವ ಗಂಟೆಗಳಿಗೆ ವೇತನವಿಲ್ಲ.

ಇದರಿಂದ ವಿದಿತವಾಗುವುದಿಷ್ಟು: ನಿರುದ್ಯೋಗಿಯನ್ನು ಸೋಮಾರಿಯೆನ್ನುವುದು ಸುಲಭ, ಆದರೆ ಅಸಮಂಜಸ. ಅವನು ಎಲ್ಲಿರುವನು, ಅಲ್ಲಿಂದ ಕದಲಲು ಅವನು ತೆರಬೇಕಾದುದೇನು ಎಂಬ ಎರಡು ಪ್ರಶ್ನೆಗಳನ್ನು ನಾವು ಮೊದಲು ಕೇಳಬೇಕಾಗಿದೆ.